ಎಂಪಿಎಡ್ಡೋ, ಸೈಕಾಲಜಿಯೋ? ಪುನರ್ವಸತಿ ಆಪ್ತಸಮಾಲೋಚನೆಗೆ ಹೋಗಬೇಕೆನ್ನುವವರಿಗೆ ನನ್ನ ಉತ್ತರ

ಪದವಿ ಫಲಿತಾಂಶ ಬರುವ ಹೊತ್ತಿಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ ಇದು: "ಸರ್, ಆಟದಲ್ಲೂ ಆಸಕ್ತಿ ಅದ, ಸೈಕಾಲಜಿನೂ ಇಷ್ಟ. ವಿಕಲಚೇತನರ ಜೊತೆ ಕೆಲಸ ಮಾಡಬೇಕಂತ ಅನಿಸ್ತದ. ಎಂಪಿಎಡ್ ಮಾಡಲೋ, ಎಂಎ ಸೈಕಾಲಜಿ ಮಾಡಲೋ?"

ಎಂಪಿಎಡ್ ಎಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ. ಪುನರ್ವಸತಿ ಆಪ್ತಸಮಾಲೋಚಕರೆಂದರೆ ವಿಕಲಚೇತನರು ದಿನಚರಿಗೆ, ಕೆಲಸಕ್ಕೆ ಮರಳಲು ಮಾತುಕತೆಯ ಮೂಲಕ ನೆರವಾಗುವವರು. ಮೊದಲು ಒಂದು ಮಾತು ತಿಳಿದಿರಲಿ. ಇವೆರಡರಲ್ಲಿ ಯಾವುದೇ ಪದವಿ ಮುಗಿಸಿದರೂ ನೀವು ಪುನರ್ವಸತಿ ಆಪ್ತಸಮಾಲೋಚಕರಾಗುವುದಿಲ್ಲ. ಪದವಿ ಕೊಡುವುದು ವಿಶ್ವವಿದ್ಯಾಲಯ, ವೃತ್ತಿಯ ಹಕ್ಕು ಕೊಡುವುದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದವರು ಪುನರ್ವಸತಿ ವೃತ್ತಿಪರರಾಗಿ ಕೆಲಸ ಮಾಡುವಂತಿಲ್ಲ. ಮಾಡಿದರೆ ಒಂದು ವರ್ಷದವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕ್ಲಿನಿಕಲ್ ಸೈಕಾಲಜಿಸ್ಟ್, ಪುನರ್ವಸತಿ ಮನಶ್ಶಾಸ್ತ್ರಜ್ಞ, ವಿಶೇಷ ಶಿಕ್ಷಕ, ಪುನರ್ವಸತಿ ಆಪ್ತಸಮಾಲೋಚಕ ಎಲ್ಲರೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಹಾಗಾಗಿ ಕೋರ್ಸಿನ ಹೆಸರು ನೋಡಿ ಸೇರುವ ಬದಲು, ನೋಂದಣಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ. ಯಾವ ವರ್ಗದಲ್ಲಿ ಹೆಸರು ಬರಬೇಕು, ಅದಕ್ಕೆ ಯಾವ ಅನುಮೋದಿತ ಕೋರ್ಸ್ ಬೇಕು, ಆ ಕೋರ್ಸಿಗೆ ಸೇರಲು ಯಾವ ಸ್ನಾತಕೋತ್ತರ ಪದವಿ ಬೇಕು ಎಂಬ ಕ್ರಮದಲ್ಲಿ.

ಅಮೆರಿಕದ ವಿಶ್ವವಿದ್ಯಾಲಯಗಳ ಜಾಲತಾಣ ನೋಡಿ ಗೊಂದಲಕ್ಕೆ ಬೀಳುವವರು ಬಹಳ. ಅಲ್ಲಿ ಪುನರ್ವಸತಿ ಆಪ್ತಸಮಾಲೋಚನೆಯೇ ಒಂದು ಪ್ರತ್ಯೇಕ ಮಾಸ್ಟರ್ಸ್ ಪದವಿ. 100 ಗಂಟೆಯ ಪ್ರಾಕ್ಟಿಕಮ್ (ಪ್ರಾಯೋಗಿಕ ತರಬೇತಿ), 600 ಗಂಟೆಯ ಇಂಟರ್ನ್‌ಶಿಪ್ ಇರುತ್ತದೆ. ನಮ್ಮಲ್ಲಿ ದಾರಿ ಬಹುತೇಕ ಮನಶ್ಶಾಸ್ತ್ರದ ಮೂಲಕ ಹಾದು ಹೋಗುತ್ತದೆ.

ಎಂಪಿಎಡ್ ವಿಚಾರ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮದಂತೆ ಅದು ಎರಡು ವರ್ಷ, ನಾಲ್ಕು ಸೆಮಿಸ್ಟರ್. ಬಿಎ, ಬಿಕಾಂ ಮುಗಿಸಿ ನೇರವಾಗಿ ಸೇರಲಾಗದು. ದೈಹಿಕ ಶಿಕ್ಷಣದ ಪದವಿಯಾದ ಬಿಪಿಎಡ್ ಅಥವಾ ಅದಕ್ಕೆ ಸಮಾನ ಪದವಿಯಲ್ಲಿ ಕನಿಷ್ಠ ಶೇ. 50 ಅಂಕ ಬೇಕು. ಬಿಪಿಎಡ್ ಕೂಡ ಎರಡು ವರ್ಷ. ಬೇರೆ ಪದವಿ ಕೈಯಲ್ಲಿರುವವರಿಗೆ ಒಟ್ಟು ನಾಲ್ಕು ವರ್ಷದ ದಾರಿ ಎಂದಾಯಿತು. ವ್ಯಾಯಾಮ ಶರೀರಕ್ರಿಯಾಶಾಸ್ತ್ರ, ಬಯೋಮೆಕ್ಯಾನಿಕ್ಸ್, ಪರೀಕ್ಷೆ ಮತ್ತು ಮಾಪನ, ಕ್ರೀಡಾ ಮನಶ್ಶಾಸ್ತ್ರ, ಕ್ರೀಡಾಪಟುವಿನ ಗಾಯದ ಆರೈಕೆ ಇದರಲ್ಲಿ ಬರುತ್ತವೆ. ಇದನ್ನು ಓದಿದವರು ಫಿಸಿಯೋಥೆರಪಿಸ್ಟ್ ಅಲ್ಲ, ಆಪ್ತಸಮಾಲೋಚಕರೂ ಅಲ್ಲ. ಆ ಬೋರ್ಡು ಹಾಕಿಕೊಂಡು ಕೂರಬಾರದು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕೆಂದರೆ ಮಾತ್ರ ಇದೇ ಸರಿಯಾದ ದಾರಿ: ಎಂಪಿಎಡ್‌ನಲ್ಲಿ ಶೇ. 55, ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್, ಮೇಲೆ ದೈಹಿಕ ಕ್ಷಮತೆಯ ಪರೀಕ್ಷೆ. 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ನೆಟ್ ಪಾಸಾದ ಮೇಲೆ ಓದಿನ ಕುರ್ಚಿಯಲ್ಲೇ ಕೂತು ಇಲ್ಲಿ ಎಡವುವವರಿದ್ದಾರೆ.

ಸೈಕಾಲಜಿ ಎಂಎ ಅಥವಾ ಎಂಎಸ್‌ಸಿಗೆ ಹತ್ತಿರದ ಜಾಗಗಳೆಂದರೆ ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯ (1980), ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ (2009). ಎರಡನೆಯದಕ್ಕೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್ ಸುಮಾರಿಗೆ ನಡೆಯುತ್ತದೆ, ಅರ್ಜಿಯ ಅವಧಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದಮೇಲೆ ವಿಚಾರಿಸಿದರೆ ಆ ವರ್ಷ ಕೈಬಿಟ್ಟಂತೆಯೇ. ದೂರಶಿಕ್ಷಣದಲ್ಲಿ ಮಾಡೋಣ ಎನ್ನುವವರಿಗೆ: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್ ವಿಧಾನದಲ್ಲಿ ನಡೆಸಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೇಳಿದೆ.

ಎಂಎಯಲ್ಲಿ ಶೇ. 55 ದಾಟುವುದು ಮುಖ್ಯ, ಏಕೆಂದರೆ ಮುಂದಿನ ಆರ್‌ಸಿಐ ಕೋರ್ಸುಗಳ ಬಾಗಿಲಲ್ಲಿ ಸಾಮಾನ್ಯವಾಗಿ ಕೇಳುವ ಅಂಕ ಅದೇ. ಇಷ್ಟು ದಿನ ಆ ಮುಂದಿನ ಹೆಜ್ಜೆ ಎಂದರೆ ಎರಡು ವರ್ಷದ ಎಂಫಿಲ್ ಎಂದು ಎಲ್ಲರೂ ಹೇಳುತ್ತಿದ್ದರು. ಯುಜಿಸಿ 2022ರ ನಿಯಮಾವಳಿಯಲ್ಲಿ ಎಂಫಿಲ್ ಅನ್ನು ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ವಿನಾಯಿತಿ ಕೊಟ್ಟಿತು. ಆದ್ದರಿಂದ ಸೀನಿಯರ್‌ಗಳ ಸಲಹೆ ಹಳತಾಗಿರಬಹುದು. ಸೇರುವ ವರ್ಷದ ಅನುಮೋದಿತ ಸಂಸ್ಥೆಗಳ ಪಟ್ಟಿಯನ್ನು ಆರ್‌ಸಿಐ ಜಾಲತಾಣದಲ್ಲಿ ನೀವೇ ತೆರೆದು, ಸಂಸ್ಥೆ, ಕೋರ್ಸಿನ ಪೂರ್ತಿ ಹೆಸರು, ಅನುಮೋದನೆಯ ಅವಧಿ ಮೂರನ್ನೂ ನೋಡಿ. ಅನುಮೋದನೆ ಮುಗಿದ ಬ್ಯಾಚಿನಲ್ಲಿ ಓದಿದವರಿಗೆ ನೋಂದಣಿ ಸಂಖ್ಯೆ ಸಿಗುವುದಿಲ್ಲ, ಶುಲ್ಕ ಕಟ್ಟಿದ್ದು ವ್ಯರ್ಥ. ನಮ್ಮ ಭಾಗದವರಿಗೆ ಬೌದ್ಧಿಕ ವೈಕಲ್ಯದವರಿಗಾಗಿ ಇರುವ ಸಿಕಂದರಾಬಾದಿನ ಎನ್‌ಐಇಪಿಐಡಿ ರೈಲಿನಲ್ಲಿ ಸುಲಭವಾಗಿ ಮುಟ್ಟುವ ರಾಷ್ಟ್ರೀಯ ಸಂಸ್ಥೆ. ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಕೂಡ ನೋಡಬೇಕಾದವು.

ಇಷ್ಟಾದರೆ ದೈಹಿಕ ಶಿಕ್ಷಣ ಓದಿದ್ದು ನಷ್ಟವೇ? ಖಂಡಿತ ಅಲ್ಲ. ಶಹಾಬಾದ ಕಡೆಯ ಫರಶಿ ಗಣಿಯಲ್ಲಿ ಬಂಡೆ ಜಾರಿ ಬೆನ್ನುಹುರಿಗೆ ಪೆಟ್ಟಾದ ಮೂವತ್ತೈದರ ಕಾರ್ಮಿಕನೊಬ್ಬನನ್ನು ಊಹಿಸಿಕೊಳ್ಳಿ. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಹೊಸಬರು ಮಾಡುವ ಮೊದಲ ತಪ್ಪು "ಧೈರ್ಯ ತಗೋರಿ, ಆರು ತಿಂಗಳಲ್ಲಿ ನಡೀತೀರಿ" ಎನ್ನುವುದು. ಆ ಆಸೆಗೆ ಜೋತುಬಿದ್ದ ಮನೆಯವರು ಗಾಲಿಕುರ್ಚಿ ತರುವುದಿಲ್ಲ, ಬಾಗಿಲು ಅಗಲ ಮಾಡುವುದಿಲ್ಲ, ಅಷ್ಟರಲ್ಲಿ ಆತನ ಪೃಷ್ಠದ ಮೇಲೆ ಒತ್ತಡದ ಹುಣ್ಣು ಬಿದ್ದಿರುತ್ತದೆ. ಆಪ್ತಸಮಾಲೋಚಕರು ದುಃಖಕ್ಕೆ ಕಿವಿಗೊಡುತ್ತಲೇ ದಿನಚರಿಯನ್ನು ಕೇಳಬೇಕು. ಕುರ್ಚಿಯಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಬಾಗಿ ಒಂದೆರಡು ನಿಮಿಷ ಭಾರ ಇಳಿಸುತ್ತಾರೆಯೇ? ಬಾಗಿಲು 900 ಮಿಲಿಮೀಟರ್ ಇದೆಯೇ? ಇಳಿಜಾರು 1:12ರ ಲೆಕ್ಕದಲ್ಲಿದೆಯೇ, ಅಂದರೆ ಒಂದು ಅಡಿ ಎತ್ತರದ ಕಟ್ಟೆಗೆ 12 ಅಡಿ ಉದ್ದ? ನಮ್ಮೂರ ಮನೆಗಳ ಎತ್ತರದ ಹೊಸ್ತಿಲು ಇಲ್ಲೇ ತೊಡಕಾಗುತ್ತದೆ. ಆಮೇಲೆ ಕೆಲಸದ ಮಾತು. ಗಣಿಯಲ್ಲಿ ಆತ ಕಲ್ಲು ಒಡೆಯುವುದೊಂದೇ ಮಾಡಿದ್ದಲ್ಲ. ಫರಶಿಯ ಅಳತೆ, ದರ್ಜೆ, ಲಾರಿ ಲೆಕ್ಕ, ಕೂಲಿ ಹಂಚಿಕೆ ಗೊತ್ತಿದ್ದವನು. ಡಿಪೋದಲ್ಲಿ ಲೆಕ್ಕ ಬರೆಯಲು ಕೂರಬಲ್ಲ ಎಂದು ಕಂಡುಕೊಳ್ಳುವುದೇ ಪುನರ್ವಸತಿ ಸಮಾಲೋಚನೆಯ ಹೂರಣ.

ದೈಹಿಕ ಶಿಕ್ಷಣದ ಓದು ಉಪಯೋಗಕ್ಕೆ ಬರುವುದೂ ಇಲ್ಲೇ, ತಪ್ಪಾಗುವುದೂ ಇಲ್ಲೇ. ವಯಸ್ಸನ್ನು 220ರಿಂದ ಕಳೆದು ಹೃದಯಬಡಿತದ ಗುರಿ ಹಾಕುವುದು ಎಲ್ಲರಿಗೂ ರೂಢಿ. ಬೆನ್ನುಹುರಿಯ ಪೆಟ್ಟು ಎದೆಯ ಆರನೇ ಕಶೇರುಕಕ್ಕಿಂತ (ಟಿ6) ಸಾಕಷ್ಟು ಮೇಲಿದ್ದರೆ ಹೃದಯಕ್ಕೆ ಹೋಗಿ ಬಡಿತ ಏರಿಸುವ ಸಿಂಪಥೆಟಿಕ್ ನರಗಳ ಸಂಪರ್ಕ ಕಡಿದಿರುತ್ತದೆ, ಬಡಿತ ಎಷ್ಟು ದುಡಿದರೂ ಆ ಗುರಿಗೆ ಏರದು. "ಇನ್ನೂ ಜೋರಾಗಿ" ಎಂದು ಒತ್ತಾಯಿಸಿದರೆ ಅಪಾಯ. ಅಂಥವರಿಗೆ 6ರಿಂದ 20ರವರೆಗಿನ ಬೋರ್ಗ್ ಮಾಪಕದಲ್ಲಿ ಆಯಾಸವನ್ನು ಅವರ ಬಾಯಿಂದಲೇ ಕೇಳಬೇಕು. ಪೆಟ್ಟಿನ ಕೆಳಗಿನ ಭಾಗ ಬೆವರುವುದೂ ಇಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟಿದಾಗ ಬೇರೆಯವರಿಗೆ ಸೆಖೆ ಎನಿಸುವುದು ಇವರಿಗೆ ಜ್ವರದಂತೆ ಮೈ ಕಾಯಿಸುತ್ತದೆ. ವ್ಯಾಯಾಮ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ, ಒದ್ದೆ ಟವೆಲ್ಲು ಕೈಯಳತೆಯಲ್ಲಿರಲಿ. ಒಮ್ಮೆಲೆ ತಲೆ ಸಿಡಿಯುವ ನೋವು, ಮುಖ ಕೆಂಪಾಗುವುದು ಕಂಡರೆ ರಕ್ತದೊತ್ತಡ ಏರುತ್ತಿದೆ ಎಂದರ್ಥ. ತಕ್ಷಣ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಕೊಳವೆ ಮಡಚಿದೆಯೇ ನೋಡಿ. ಹೆಚ್ಚಿನ ಸಲ ತುಂಬಿದ ಮೂತ್ರಕೋಶವೇ ಕಾರಣ. ಕಡಿಮೆಯಾಗದಿದ್ದರೆ ಕೂಡಲೇ ಆಸ್ಪತ್ರೆಗೆ. ಎಂಎ ಸೈಕಾಲಜಿಯ ತರಗತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬಿಪಿಎಡ್ ಮಾಡಿ ಸೈಕಾಲಜಿಗೆ ಬಂದವರ ಬಲ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಭಾಷೆಯ ವಿಚಾರವನ್ನೂ ಹಗುರವಾಗಿ ತಗೊಳ್ಳಬೇಡಿ. ಬೀದರ್, ಆಳಂದ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ಎಲ್ಲೆಡೆ ಉರ್ದು. ಅಣ್ಣನನ್ನೋ ಗಂಡನನ್ನೋ ದುಭಾಷಿಯಾಗಿ ಕೂರಿಸಿದರೆ ಉತ್ತರ ಅವರದ್ದಾಗುತ್ತದೆ, ಅದರ ಮೇಲೆ ಮನೋಪರೀಕ್ಷೆಗೆ ಕೊಟ್ಟ ಅಂಕಕ್ಕೆ ಬೆಲೆಯಿಲ್ಲ. ಎಂಎ ಓದುವ ಎರಡು ವರ್ಷದಲ್ಲಿ ಇವುಗಳಲ್ಲಿ ಒಂದು ಭಾಷೆಯನ್ನಾದರೂ ಸಂದರ್ಶನ ನಡೆಸುವಷ್ಟು ಕಲಿಯಿರಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಚೆನ್ನಾಗಿ ಗೊತ್ತಿರಬೇಕು: 21 ಬಗೆಯ ವೈಕಲ್ಯ, ಸೌಲಭ್ಯಕ್ಕೆ ಬೇಕಾದ ಕನಿಷ್ಠ ಶೇ. 40 ವೈಕಲ್ಯದ ಮಿತಿ, ಸರ್ಕಾರಿ ನೌಕರಿಯಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲು, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು.

ಪ್ರವೇಶಕ್ಕೆ ಮುನ್ನ 371(ಜೆ) ಪ್ರಮಾಣಪತ್ರ, ಅಂದರೆ ಕಲ್ಯಾಣ ಕರ್ನಾಟಕದ ಸ್ಥಳೀಯರೆಂಬ ಪತ್ರ ಮಾಡಿಸಿಟ್ಟುಕೊಳ್ಳಿ. ಸಹಾಯಕ ಆಯುಕ್ತರ ಕಚೇರಿಯಿಂದ ಬರುವ ಈ ಪತ್ರಕ್ಕೆ ಶಾಲಾ ದಾಖಲೆಗಳನ್ನು ಒಟ್ಟುಮಾಡುವುದರಲ್ಲೇ ಸಮಯ ಹೋಗುತ್ತದೆ. ನಮ್ಮ ಭಾಗದ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸ್ಥಳೀಯರಿಗೆ ಶೇ. 70 ಸೀಟು ಸಿಗುವುದು ಇದರ ಮೇಲೆಯೇ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ. ಅರ್ಜಿ ಹಾಕಿ ಕಾಯುವ ಬೇಸಿಗೆಯಲ್ಲಿ ನಿಮ್ಮ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು (ಎಂಆರ್‌ಡಬ್ಲ್ಯು) ಕಂಡು, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ (ವಿಆರ್‌ಡಬ್ಲ್ಯು) ಜೊತೆ ನಾಲ್ಕು ಮನೆಗಳಿಗೆ ಹೋಗಿ ಬನ್ನಿ. ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ಎಂಬುದು ಶುಲ್ಕ ಕಟ್ಟುವ ಮೊದಲೇ ತಿಳಿಯುತ್ತದೆ.