ಬೆಳಗಾವಿಯಿಂದ ಬೇರಾಗೆ

ಬೆಳಗಾವಿಯಲ್ಲಿ ಬೆಳೆದವರಿಗೆ ಎರಡು ಮೂರು ಭಾಷೆ ಬರುವುದು ದೊಡ್ಡ ಮಾತಲ್ಲ. ಮನೆಯಲ್ಲಿ ಕನ್ನಡ, ಖಡೇಬಜಾರಿನಲ್ಲಿ ಮರಾಠಿ, ಗೋವಾ ಗಡಿ ಕಡೆಯ ಗೆಳತಿಯ ಮನೆಗೆ ಹೋದರೆ ಕೊಂಕಣಿ. ಇದರಿಂದ ಇನ್ನೊಬ್ಬರಿಗೆ ಉಪಯೋಗ ಆಗುತ್ತದೆ ಅಂತ ನನಗೆ ಹೊಳೆದದ್ದು ನಮ್ಮ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರದಲ್ಲಿ.

ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆಮನೆಗೆ ಹೋಗಿ ಆರೋಗ್ಯದ ಮಾಹಿತಿ ಬರೆದುಕೊಳ್ಳಬೇಕಿತ್ತು. ಸರ್ ಪ್ರತಿ ತಂಡದಲ್ಲೂ ಮರಾಠಿ ಬಲ್ಲ ಒಬ್ಬರನ್ನು ಹಾಕಿದ್ದರು. ಕನ್ನಡದಲ್ಲಿ ಕೇಳಿದಾಗ "ಏನೂ ಇಲ್ರಿ" ಅಂದಿದ್ದ ಅಜ್ಜಿ, ಮರಾಠಿಯಲ್ಲಿ ಕೇಳಿದ ಕೂಡಲೇ ಮೊಣಕಾಲು ನೋವು, ಸೊಸೆಯ ಬಾಣಂತನದ ಕಷ್ಟ ಎಲ್ಲ ಹೇಳಿದರು. ಸಂಜೆ ಸರ್ ಅಂದರು, "ನೋಡವಾ, ಅವರ ಮಾತಿನ್ಯಾಗ ಕೇಳಿದ್ರನ ಅವರ ತ್ರಾಸ ತಿಳೀತೈತಿ."

ಬಿಎ ಮುಗಿಸಿ ಚೋರ್ಲಾ ಘಾಟ್ ಇಳಿದೆ. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಓದಿದೆ. 1961ರಲ್ಲೇ ಪೋರ್ಚುಗೀಸರು ಗೋವಾ ಬಿಟ್ಟು ಹೋದರಲ್ಲ, ಈಗ ಆ ಭಾಷೆ ಯಾಕೆ ಅಂತ ಮನೆಯಲ್ಲಿ ಕೇಳುತ್ತಿದ್ದರು. ಆಫ್ರಿಕಾದ ಮೊಜಾಂಬಿಕ್, ಅಂಗೋಲಾಗಳಲ್ಲಿ ಇವತ್ತಿಗೂ ಆಡಳಿತ ನಡೆಯುವುದು ಅದರಲ್ಲೇ.

2019ರ ಮಾರ್ಚ್ 14ರ ರಾತ್ರಿ ಇಡಾಯ್ ಚಂಡಮಾರುತ ಮೊಜಾಂಬಿಕ್‌ನ ಬೇರಾ ಊರಿನ ಹತ್ತಿರ ಅಪ್ಪಳಿಸಿತು. ಆ ದೇಶವೊಂದರಲ್ಲೇ 600ಕ್ಕೂ ಹೆಚ್ಚು ಜನ ಸತ್ತರು. ಹಿಂದೆಯೇ ಕಾಲರಾ ಬಂತು. ಒಂದು ಸ್ವಯಂಸೇವಾ ಸಂಸ್ಥೆಯ ಜೊತೆ ನಾನೂ ಹೋದೆ. ನೀರಿನಲ್ಲಿ ಗುರುತಿನ ಚೀಟಿ ಕಳೆದುಕೊಂಡವರಿಗೆ ಅರ್ಜಿ ತುಂಬಿಕೊಡುವುದು, ಆರೋಗ್ಯ ಕೇಂದ್ರದಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಅರ್ಜಿ ಪೋರ್ಚುಗೀಸ್‌ನಲ್ಲಿ. ಆದರೆ ಸಾಲಿನಲ್ಲಿ ನಿಂತ ವಯಸ್ಸಾದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಮಾತು ಅಲ್ಲಿನ ಸ್ಥಳೀಯ ಭಾಷೆಗಳಾದ ಸೇನಾ ಅಥವಾ ಎನ್ದಾವ್. ಆ ಊರಿನ ಆರೋಗ್ಯ ಕಾರ್ಯಕರ್ತೆಯರು ಪಕ್ಕದಲ್ಲಿ ಕೂತು ಅವರ ಮಾತನ್ನು ನನಗೆ ಪೋರ್ಚುಗೀಸ್‌ನಲ್ಲಿ ಹೇಳುತ್ತಿದ್ದರು. ಸಂಜೆ ಅವರ ಹತ್ತಿರವೇ ಸೇನಾ ಕಲಿತೆ: ಎಲ್ಲಿ ನೋವು, ಎಷ್ಟು ದಿನದಿಂದ, ಮಗು ನೀರು ಕುಡಿಯಿತಾ. ಇಷ್ಟು ಬಂದ ಮೇಲೆ ಅಜ್ಜಿಯರು ನೇರವಾಗಿ ನನ್ನ ಕಡೆ ತಿರುಗಿ ಮಾತಾಡತೊಡಗಿದರು. ನನಗಾದ ಖುಷಿ ಹೇಳತೀರದು.

ಭಾಷೆ ಬಾರದೆ ಹದಿನೈದು ದಿನಕ್ಕೆ ಬಂದು ಹೋಗುವ ವಿದೇಶಿಯರೂ ಇದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ಅವರಿಗಾಗಿ ಒಬ್ಬ ಕಾರ್ಯಕರ್ತೆ ದಿನವಿಡೀ ನಿಲ್ಲಬೇಕಿತ್ತು. ಅಷ್ಟು ಹೊತ್ತು ಆಕೆಯ ಸಾಲಿನಲ್ಲಿದ್ದ ಜನ ಬಿಸಿಲಿನಲ್ಲಿ ಕಾಯಬೇಕಿತ್ತು. ಹೊರದೇಶಕ್ಕೆ ಸೇವೆಗೆ ಹೋಗುವವರು ಭಾಷೆ ಕಲಿತೇ ಹೋಗಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಅದೇ ಆಗಸ್ಟ್‌ನಲ್ಲಿ ಊರಿನಿಂದ ಫೋನ್ ಬಂತು. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಉಕ್ಕಿದ್ದವು. ರಾಮದುರ್ಗ, ಗೋಕಾಕ ನೀರಿನಲ್ಲಿ. ನಮ್ಮ ನೆಂಟರು ಗಂಜಿ ಕೇಂದ್ರದಲ್ಲಿ. ಅವರೂ ರೇಷನ್ ಕಾರ್ಡ್, ಆಧಾರ್ ಹುಡುಕುತ್ತಿದ್ದರು. ಬೇರಾದ ಕಾರ್ಯಕರ್ತೆಯರಿಗೆ ಹೇಳಿದಾಗ ಅವರು ನನ್ನ ಕೈ ಹಿಡಿದು ಅತ್ತರು.

ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಇದೆ ಅಲ್ವಾ? ನಮ್ಮ ಕಾಲೇಜು ಅದರಲ್ಲಿ ಒಂದಿಷ್ಟನ್ನು ಭಾಷೆಯ ಕೆಲಸಕ್ಕೆ ಇಡಲಿ. ಆಸ್ಪತ್ರೆಯ ಚೀಟಿ ಸಾಲಿನಲ್ಲಿ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗಿನ ಗುಡಿಸಲುಗಳಲ್ಲಿ ಮೊದಲು ರೂಢಿ ಆಗಲಿ. ಆಮೇಲೆ ಹೊರದೇಶಕ್ಕೆ ಹೋಗಲು ಮನಸ್ಸಿರುವವರಿಗೆ ರಜೆಯಲ್ಲಿ ಪೋರ್ಚುಗೀಸ್ ಹೇಳಿಕೊಡಲು ನಾನು ಬರುತ್ತೇನೆ. ಐದು ಮಂದಿ ಸೇರಿದರೂ ಸಾಕು.