ಕಾಯಬಾರದಿತ್ತಾ?

"ಏನಪ್ಪಾ, ನಮಗೋಸ್ಕರ ಒಂಚೂರು ಕಾಯಬಾರದಿತ್ತಾ?"

"ಕಾದಿದ್ರೆ ಸರ್, ನಾವಿನ್ನೂ ಮೂರನೇ ಚರಣದಲ್ಲೇ ಇರ್ತಿದ್ವಿ."

ಭಾನುವಾರದ ಆರಾಧನೆ ಮುಗಿದ ಮೇಲೆ ಆರ್ಗನ್ ಅಟ್ಟದ ಸುರುಳಿ ಮೆಟ್ಟಿಲ ಬುಡದಲ್ಲಿ ನಡೆದ ಮಾತು ಇಷ್ಟೇ. ಕೇಳಿದವರು ಎಪ್ಪತ್ತು ದಾಟಿದ ಹಿರಿಯರು. ಹಿಂದಿನಿಂದ ಮೂರನೇ ಬೆಂಚು ತಮ್ಮದೇ ಎಂಬಂತೆ ಕೂರುವವರು, ಸುತ್ತಲಿನವರೆಲ್ಲ ಧಾಟಿ ಹಾಡುವಾಗ ಪುಸ್ತಕ ನೋಡಿಕೊಂಡು ಕೆಳಗಿನ ಬೇಸ್ ಸ್ವರಗಳನ್ನು ಹಾಡುವವರು. ಉತ್ತರ ಕೊಟ್ಟವನು ಮೂವತ್ತರ ಆಸುಪಾಸಿನ ಆರ್ಗನಿಸ್ಟ್. ಪೆಡಲ್ ತುಳಿಯಲೆಂದೇ ಇಟ್ಟುಕೊಂಡ ತೆಳು ಅಟ್ಟೆಯ ಶೂ ಇನ್ನೂ ಕಾಲಲ್ಲೇ ಇತ್ತು. ಇಬ್ಬರೂ ನಕ್ಕರು. ನಗು ಮಾತ್ರ ಇಬ್ಬರದೂ ತುಟಿ ದಾಟಲಿಲ್ಲ.

ಆ ಎರಡು ಮಾತು ಈ ವಾರವಿಡೀ ತಲೆಯಲ್ಲಿ ಗುಂಯ್‌ಗುಡುತ್ತಿವೆ. ಮೊದಲಿಗೆ ಅನ್ನಿಸಿದ್ದು ಹುಡುಗ ಹೇಳಿದ್ದೇ ಸರಿ, ಸಭೆ ಹಾಡುವಾಗ ಆರ್ಗನ್ ಕಾಯಬಾರದು ಎಂದು. ಲೆಕ್ಕ ಹಾಕಿದರೂ ಸರಿಯೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆರ್ಗನ್ ಕೊಳವೆಗಳಿಂದ ಪಶ್ಚಿಮ ಬಾಗಿಲ ಹತ್ತಿರದ ಬೆಂಚಿಗೆ 80 ಮೀಟರ್ ಇದ್ದರೆ, ಸ್ವರ ಅಲ್ಲಿಗೆ ಮುಟ್ಟಲು ಹೆಚ್ಚುಕಮ್ಮಿ ಕಾಲು ಸೆಕೆಂಡು. ಅಲ್ಲಿರುವವರು ಕೇಳಿದ ಕ್ಷಣಕ್ಕೇ ಹಾಡಿದರೂ ಅವರ ದನಿ ಆರ್ಗನಿಸ್ಟನ ಕಿವಿಗೆ ಮರಳಲು ಇನ್ನೊಂದು ಕಾಲು. ನಿಮಿಷಕ್ಕೆ 96 ಬೀಟ್ ವೇಗದ ಸ್ತುತಿಗೀತೆಯಲ್ಲಿ ಒಂದು ಬೀಟಿಗೆ ಸಿಗುವುದು 0.625 ಸೆಕೆಂಡು. ಅಂದರೆ ಹಿಂದಿನ ಬೆಂಚಿನವರು ಎಳ್ಳಷ್ಟೂ ತಪ್ಪದೆ ಹಾಡಿದರೂ ಅಟ್ಟದ ಮೇಲೆ ಕೂತವನಿಗೆ ಅವರು ಮುಕ್ಕಾಲು ಬೀಟ್ ಹಿಂದೆ ಇದ್ದಂತೆ ಕೇಳಿಸುತ್ತದೆ. ಮುಂದಿನ ಸಾಲಿನವರು ಮಾತ್ರ ಅವನ ಜೊತೆಗೇ ಇರುತ್ತಾರೆ. ಒಂದೇ ಗೀತೆ, ಒಂದೇ ಸೂರು, ನಡುವೆ ಎರಡೆರಡು ಗಡಿಯಾರ.

ಈಗ ಅವನು ಕಾದ ಅನ್ನಿ. ತಡವಾಗಿ ಬರುವ ದನಿಗೆ ಕೈ ಹೊಂದಿಸಲು ಹೋದರೆ ಮುಂದಿನ ಸ್ವರ ಅಷ್ಟೇ ತಡವಾಗಿ ಬೀಳುತ್ತದೆ. ಅದು ಹಿಂದಿನ ಬೆಂಚಿಗೆ ಇನ್ನೊಂದಿಷ್ಟು ತಡವಾಗಿ ಮುಟ್ಟುತ್ತದೆ, ಅವರು ಇನ್ನೂ ತಡವಾಗಿ ಹಾಡುತ್ತಾರೆ. ನೀನು ಮೊದಲು, ನೀನು ಮೊದಲು ಎಂದು ಬಾಗಿಲಲ್ಲಿ ನಿಂತ ಇಬ್ಬರು ಮರ್ಯಾದಸ್ಥರ ಹಾಗೆ. 96ರಲ್ಲಿ ಹೊರಟ ಗೀತೆ ನಾಲ್ಕನೇ ಚರಣಕ್ಕೆ 80ಕ್ಕೆ ಇಳಿಯುತ್ತದೆ, ಉದ್ದದ ಸಾಲುಗಳಲ್ಲಿ ಎಲ್ಲರ ಉಸಿರು ನಡುವೆಯೇ ಮುಗಿಯುತ್ತದೆ.

ಆರ್ಗನ್ನೇ ಇಲ್ಲದೆ, ಒಬ್ಬರಿಗೊಬ್ಬರು ಕಾಯುತ್ತಲೇ ಹಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿಯೇ ಇದೆ. ಅಮೆರಿಕದ ನ್ಯೂ ಇಂಗ್ಲೆಂಡಿನ ಪಾದ್ರಿ ಥಾಮಸ್ ವಾಲ್ಟರ್ 1721ರಲ್ಲಿ ಬರೆದದ್ದು: ಒಂದೇ ಸ್ವರದ ನಡುವೆ ತಾನು ಎರಡು ಸಲ ನಿಂತು ಉಸಿರು ತೆಗೆದುಕೊಂಡದ್ದುಂಟು, ಅಷ್ಟು ನಿಧಾನ. ಅಲ್ಲಿ ಯಾರೂ ಸೋಮಾರಿಗಳಲ್ಲ. ಎಲ್ಲರೂ ಪಕ್ಕದವರಿಗಾಗಿ ಕಾದರು, ಅಷ್ಟೇ.

ಹಾಗಾಗಿ ದೊಡ್ಡ ಕೆಥೆಡ್ರಲ್ಲಿನ ಆರ್ಗನಿಸ್ಟ್ ಮೊದಲು ಕಲಿಯಬೇಕಾದ್ದು ಕೇಳಿಸಿಕೊಳ್ಳದೆ ಇರುವುದನ್ನು. ಸಂಗೀತಗಾರನಿಗೆ ಇದು ಕೈಕಟ್ಟಿ ಹಾಕಿದ ಹಾಗೆ. ಬೇರೆ ಎಲ್ಲ ಕಡೆ ಅವನಿಗೆ ಕಿವಿಯೇ ಗುರು. ಇಲ್ಲಿ ಕಿವಿ ನಂಬಿದವನು ಕೆಟ್ಟ. ಮೊದಲ ಸಾಲು ನುಡಿಸಿ ವೇಗ ತೋರಿಸುವಾಗ ಹಿಡಿದ ಲೆಕ್ಕವನ್ನೇ ಕೊನೆಯವರೆಗೂ ಮೈಯೊಳಗೆ ಎಣಿಸುತ್ತಾ ಹೋಗಬೇಕು. ಕ್ವಾಯರ್ ನಿರ್ದೇಶಕರ ಕೈಯನ್ನು ಕ್ಯಾಮೆರಾ ಹಿಡಿದು, ಆರ್ಗನಿಸ್ಟ್ ಕೂತು ನುಡಿಸುವ ಕನ್ಸೋಲಿನ ಪಕ್ಕದ ಪುಟ್ಟ ಟಿವಿಯಲ್ಲಿ ತೋರಿಸುವ ಏರ್ಪಾಡು ಅನೇಕ ಕಡೆ ಇರುವುದು ಇದಕ್ಕೇ. ಬೆಳಕು ತಡಮಾಡುವುದಿಲ್ಲ.

ಕಾಯದೆಯೂ ಜನರನ್ನು ಜೊತೆಗೆ ಕರೆದೊಯ್ಯುವ ಕೆಲಸ ಬೆರಳಿನದು. ಆರ್ಗನ್ ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ. ಪಿಯಾನೋದ ಹಾಗೆ ಒಂದು ಬೀಟಿಗೆ ಒತ್ತು ಕೊಡಲಾಗದು. ಒತ್ತು ಕೊಡುವ ಮುಖ್ಯ ದಾರಿ ಸ್ವರದ ಮುಂಚೆ ಸಣ್ಣ ಬಿರುಕು ಬಿಡುವುದು. ಧಾಟಿಯಲ್ಲಿ ಒಂದೇ ಸ್ವರ ಎರಡು ಸಲ ಬಂದರೆ ಮೇಲಿನ ಸ್ವರವನ್ನು ಬಿಟ್ಟು ಮತ್ತೆ ಒತ್ತಬೇಕು, ಒಳಗಿನ ಸ್ವರಗಳನ್ನು ಹಿಡಿದೇ ಇರಬಹುದು. ಒಟ್ಟಿಗೆ ನುಡಿಯುವ ನಾಲ್ಕೂ ಸ್ವರಗಳನ್ನು ಕಟ್‌ಕಟ್ ಎಂದು ಕುಟ್ಟಿದರೆ ಕೊತ್ತಂಬರಿ ಕುಟ್ಟಿದ ಹಾಗಿರುತ್ತದೆ. ನಾಲ್ಕನ್ನೂ ಅಂಟಿಸಿದರೆ ಕಟ್ಟಡದಲ್ಲಿ ಆರು ಸೆಕೆಂಡು ಮೊಳಗುವ ಅನುರಣನದಲ್ಲಿ ಎಲ್ಲ ಗಂಜಿ. ಕಲ್ಲಿನ ಕಟ್ಟಡ ದೊಡ್ಡದಾದಷ್ಟೂ ಆ ಬಿರುಕು ಅಗಲವಾಗಬೇಕು. ಕನ್ಸೋಲಿನಲ್ಲಿ ಒರಟು ಅನ್ನಿಸುವಷ್ಟು ಬಿಡಿಸಿ ನುಡಿಸಿದರೆ ಹಿಂದಿನ ಬೆಂಚಿಗೆ ಅದು ಹದವಾಗಿ ಮುಟ್ಟುತ್ತದೆ.

ಇದರಲ್ಲಿ ಆ ಹುಡುಗ ಪಳಗಿದವನು. ಸ್ಟಾಪ್, ಅಂದರೆ ಎಳೆದರೆ ಒಂದೊಂದು ಸಾಲು ಕೊಳವೆ ನುಡಿಯುವ ಗುಂಡಿಗಳ ಆಯ್ಕೆಯಲ್ಲೂ ಹೆಚ್ಚು ತಪ್ಪು ಹುಡುಕಲಾಗದು. ಲಿವರ್‌ಪೂಲ್ ಕೆಥೆಡ್ರಲ್ಲಿನ ಆರ್ಗನ್‌ಗೆ ಹತ್ತು ಸಾವಿರಕ್ಕೂ ಹೆಚ್ಚು ಕೊಳವೆಗಳಿವೆ, ಆದರೆ ಎಂಥ ದೈತ್ಯ ವಾದ್ಯದಲ್ಲೂ ಮೊದಲ ಚರಣಕ್ಕೆ ಬೇಕಾದ್ದು ಐದಾರು ಸ್ಟಾಪ್. 8 ಅಡಿ, 4 ಅಡಿ, 2 ಅಡಿಯ ಪ್ರಿನ್ಸಿಪಲ್‌ಗಳು, ಅಂದರೆ ಆರ್ಗನ್ನಿನ ಮೂಲ ದನಿಗಳು, ಪೆಡಲಿಗೆ 16 ಮತ್ತು 8 ಅಡಿ. ಈ ಅಡಿಯ ಲೆಕ್ಕ ಆ ಸಾಲಿನ ಅತಿ ಉದ್ದದ ಕೊಳವೆಯದು. ಉದ್ದ ಅರ್ಧವಾದರೆ ಸ್ವರ ಒಂದು ಸಪ್ತಕ ಮೇಲೇರುತ್ತದೆ. ಜನರನ್ನು ಎಳೆದೊಯ್ಯುವುದು ಸದ್ದಿನ ಗಾತ್ರವಲ್ಲ, ಮೇಲಿನ ಸ್ವರಗಳ ಹೊಳಪು. ಬರೀ 8 ಅಡಿಯ ಕೊಳಲು ದನಿಗಳನ್ನು ಎಷ್ಟು ಸೇರಿಸಿದರೂ ಹಿಂದಿನವರಿಗೆ ಕೇಳಿಸುವುದು ಒಂದು ಮೊಬ್ಬು. ಅದೇ 2 ಅಡಿಯ ಒಂದು ಸಾಲು, ಅದರ ಮೇಲೆ ಇನ್ನೂ ಮೇಲಿನ ಸ್ವರಗಳ ಗುಚ್ಛವಾದ ಮಿಕ್ಸ್ಚರ್ ಸೇರಿಸಿದರೆ ಧಾಟಿಯ ಅಂಚು ಚಾಕುವಿನ ಹಾಗೆ ಹಜಾರದುದ್ದಕ್ಕೂ ಹಾಯುತ್ತದೆ. 32 ಅಡಿಯ ಪೆಡಲ್ ಮಾತ್ರ ಪ್ರತಿ ಚರಣಕ್ಕೂ ಎಳೆಯುವ ಚಟ ಕೆಲವರಿಗಿದೆ. ಅದರ ಅತಿ ಕೆಳಗಿನ ಸ್ವರ ಸೆಕೆಂಡಿಗೆ 16 ಕಂಪನ, ಕಿವಿಗಿಂತ ಬೆಂಚಿನ ಹಲಗೆಗೆ ಮೊದಲು ಗೊತ್ತಾಗುತ್ತದೆ. ಕೊನೆಯ ಚರಣಕ್ಕೆ ರೋಮಾಂಚನ. ಎಲ್ಲ ಚರಣಕ್ಕೂ ಆದರೆ ಕೆಸರು.

ಎರಡನೇ ತಪ್ಪು ಇನ್ನೂ ಸಾಮಾನ್ಯ. ಸಾಹಿತ್ಯದಲ್ಲಿ 'ಮೌನ', 'ರಾತ್ರಿ' ಎಂಬ ಪದ ಬಂದ ಕೂಡಲೇ ಸ್ಟಾಪ್‌ಗಳನ್ನೆಲ್ಲ ಒಳಗೆ ತಳ್ಳಿ ಪಿಸುಗುಟ್ಟುವುದು. ಜನ ಹಾಡುವುದು ಆರ್ಗನ್ನಿನ ನೆರಳಿನಲ್ಲಿ. ನೆರಳು ಎಳೆದುಕೊಂಡರೆ ತಮ್ಮ ದನಿ ತಮಗೇ ಕೇಳಿ ನಾಚಿ ಬಾಯಿ ಮುಚ್ಚುತ್ತಾರೆ. ಇತ್ತ ತೀರಾ ಅಬ್ಬರಿಸಿದರೂ ಮುಚ್ಚುತ್ತಾರೆ, ನಾವಿಲ್ಲದಿದ್ದರೂ ನಡೆಯುತ್ತದಲ್ಲ ಎಂದು. ಶನಿವಾರ ಖಾಲಿ ಕಟ್ಟಡದಲ್ಲಿ ಅಭ್ಯಾಸ ಮಾಡಿ ಗುರುತು ಹಾಕಿಕೊಂಡ ಸ್ಟಾಪ್‌ಗಳು ಭಾನುವಾರ ಸಾಲದೆ ಹೋಗುವುದೂ ಇದೆ. ಸಾವಿರ ಮೈ, ಸಾವಿರ ಕೋಟು ಸದ್ದನ್ನು ಹೀರುತ್ತವೆ.

ಕೊನೆಯ ಚರಣದಲ್ಲಿ ಟ್ರಂಪೆಟ್ ಸ್ಟಾಪ್ ಎಳೆದಾಗ ಒಂದು ಹುಳಿ ಬಂತು. ಅದು ಅವನ ತಪ್ಪಲ್ಲ. ಸಾಧಾರಣ ಕೊಳವೆಯಲ್ಲಿ ಸ್ವರ ಹುಟ್ಟುವುದು ಗಾಳಿಕಂಬದಿಂದ. ಗಾಳಿ ಬೆಚ್ಚಗಾದರೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸ್ವರ ಸುಮಾರು 3 ಸೆಂಟ್ ಏರುತ್ತದೆ, ಅರ್ಧ ಸ್ವರಕ್ಕೆ 100 ಸೆಂಟ್ ಲೆಕ್ಕದಲ್ಲಿ. ಟ್ರಂಪೆಟ್‌ನಂಥ ರೀಡ್ ಕೊಳವೆಯಲ್ಲಿ ಸ್ವರ ಹಿಡಿಯುವುದು ಹಿತ್ತಾಳೆಯ ನಾಲಿಗೆ, ಅದು ಅಷ್ಟಾಗಿ ಕದಲುವುದಿಲ್ಲ. ತುಂಬಿದ ಸಭೆ ಗಂಟೆಯೊಳಗೆ ಐದು ಡಿಗ್ರಿ ಏರಿಸಿದರೆ ಎರಡರ ನಡುವೆ 15 ಸೆಂಟಿನ ಬಿರುಕು. ಶ್ರುತಿ ಮಾಡುವವರು ಬಂದಾಗ ಕಟ್ಟಡದ ಬಿಸಿ ಭಾನುವಾರದಷ್ಟೇ ಇರಬೇಕು ಎಂದು ಪಟ್ಟು ಹಿಡಿಯುವುದು ಇದಕ್ಕೇ. ಹೀಟರ್ ಖರ್ಚು ಉಳಿಸಲು ಹೋಗಿ ತಣ್ಣನೆಯ ಮಂಗಳವಾರ ಶ್ರುತಿ ಮಾಡಿಸುವ ಆಡಳಿತ ಮಂಡಳಿಗಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಅಷ್ಟೇ.

ಇಷ್ಟೆಲ್ಲ ಹುಡುಗನ ಪರವಾಗಿಯೇ ಆಯಿತು. ಆದರೆ "ಒಂಚೂರು ಕಾಯಬಾರದಿತ್ತಾ?" ಎನ್ನುವುದನ್ನು ಮತ್ತೆ ಮತ್ತೆ ನೆನೆದಾಗ ಆ 'ಒಂಚೂರು' ಸಿಕ್ಕಿಹಾಕಿಕೊಂಡಿತು. ವೇಗ ಹೆಚ್ಚಾಯಿತು ಎಂದು ಹಿರಿಯರು ಹೇಳಲೇ ಇಲ್ಲ. 50 ವರ್ಷ ಬೇಸ್ ಹಾಡಿದವರಿಗೆ 'ಬೇಗ' ಎಂಬ ಪದ ಗೊತ್ತಿಲ್ಲದೆ ಇಲ್ಲ. ಅವರಂದದ್ದು 'ಕಾಯುವುದು'.

ಕೊನೆಯ ಚರಣ ನೆನೆಸಿಕೊಳ್ಳಿ. ಹುಡುಗ ಪುಸ್ತಕದ ಸ್ವರಮೇಳ ಬಿಟ್ಟು ಧಾಟಿಯ ಕೆಳಗೆ ತನ್ನದೇ ಮೇಳ ಹೆಣೆದ. ಚೆನ್ನಾಗಿಯೇ ಇತ್ತು. ಆದರೆ ಪುಸ್ತಕದ ಬೇಸ್ ಹಾಡುತ್ತಿದ್ದವರ ಕಾಲ ಕೆಳಗಿನ ನೆಲವನ್ನೇ ಎಳೆದ ಹಾಗಾಯಿತು. ಹೀಗೆ ಮಾಡುವುದಿದ್ದರೆ ಆ ಚರಣ ಎಲ್ಲರೂ ಧಾಟಿಯನ್ನೇ ಹಾಡಬೇಕು ಎಂದು ಆರಾಧನೆಯ ಹಾಳೆಯಲ್ಲಿ ಒಂದು ಸಾಲು ಅಚ್ಚು ಹಾಕಿಸುವುದು ವಾಡಿಕೆ. ಹಾಕಿಸಿರಲಿಲ್ಲ. ಈ ಜಗಳ ಹಳೆಯದು. 1706ರ ಫೆಬ್ರವರಿಯಲ್ಲಿ ಜರ್ಮನಿಯ ಆರ್ನ್‌ಸ್ಟಾಟ್ ಊರಿನ ಚರ್ಚ್ ಮಂಡಳಿ ತನ್ನ ಆರ್ಗನಿಸ್ಟನನ್ನು ಕರೆಸಿ, ಸ್ತುತಿಗೀತೆಗಳಲ್ಲಿ ವಿಚಿತ್ರ ಬದಲಾವಣೆ ಮಾಡಿ, ಪರಕೀಯ ಸ್ವರ ಬೆರೆಸಿ ಸಭೆಯನ್ನು ಗೊಂದಲಕ್ಕೆ ತಳ್ಳುತ್ತೀಯೆ ಎಂದು ದಾಖಲೆಯಲ್ಲೇ ಬರೆಸಿತು. ನಾಲ್ಕು ವಾರದ ರಜೆ ಕೇಳಿ ಅದರ ನಾಲ್ಕು ಪಟ್ಟು ಹೊತ್ತು ಹೊರಗೇ ಇದ್ದು ಬಂದ ಸಿಟ್ಟೂ ಅದರಲ್ಲಿ ಸೇರಿತ್ತು. ಆ ಇಪ್ಪತ್ತರ ಹುಡುಗ ಮುಂದೆ ಮಹಾ ಸಂಗೀತಕಾರನಾದ ಯೊಹಾನ್ ಸೆಬಾಸ್ಟಿಯನ್ ಬಾಖ್. ಅವನ ಹೆಸರು ಹೇಳಿ ಎಲ್ಲ ಆರ್ಗನಿಸ್ಟರೂ ತಮ್ಮ ಕರಾಮತ್ತನ್ನು ಸಮರ್ಥಿಸಿಕೊಳ್ಳುತ್ತಾರೆ. ಆವತ್ತು ಬೆಂಚಿನಲ್ಲಿ ಕೂತು ತಬ್ಬಿಬ್ಬಾದವರ ಕಷ್ಟ ನಿಜವೇ ಆಗಿತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅದಕ್ಕಿಂತ ದೊಡ್ಡದು ಚರಣ ಮತ್ತು ಚರಣದ ನಡುವಿನ ಬಿಡುವು. ಇಲ್ಲಿ ಹುಡುಗ ಎಡವಿದ್ದ. ಮೊದಲ ಚರಣದ ನಂತರ ಕೊನೆಯ ಸ್ವರವನ್ನು ಪೂರ್ತಿ ಹಿಡಿದು ಎರಡು ಬೀಟ್ ಬಿಟ್ಟ. ಎರಡನೆಯದರ ನಂತರ ನಾಲ್ಕು. ಮೂರನೆಯದರ ನಂತರ, ಟ್ರಂಪೆಟ್ ಎಳೆಯುವ ಉತ್ಸಾಹದಲ್ಲಿ, ಒಂದೂ ಇಲ್ಲ. ಬಿಡುವು ಎಷ್ಟು ಎಂಬುದು ಮುಖ್ಯವಲ್ಲ, ಪ್ರತಿ ಸಲ ಅಷ್ಟೇ ಇರಬೇಕು. ಮೊದಲ ಬಿಡುವಿನಲ್ಲಿ ಜನ ಎಣಿಕೆ ಕಲಿಯುತ್ತಾರೆ, ಎರಡನೆಯದರಲ್ಲಿ ಖಾತ್ರಿ ಮಾಡಿಕೊಳ್ಳುತ್ತಾರೆ, ಮೂರನೆಯದರಲ್ಲಿ ನೋಡದೆ ಕಾಲಿಡುತ್ತಾರೆ. ಮೆಟ್ಟಿಲು ಅಲ್ಲಿರಬೇಕು. ಸಣ್ಣ ಚರ್ಚಿನಲ್ಲಿ ಒಂದು ಬೀಟ್ ಮೌನ ಸಾಕು, ಕಿವಿಗೆ ತಿಳಿಯುತ್ತದೆ. ಆರು ಸೆಕೆಂಡು ಮೊಳಗುವ ಕಟ್ಟಡದಲ್ಲಿ 0.625 ಸೆಕೆಂಡಿನ ಮೌನ ಮೌನವೇ ಅಲ್ಲ, ಹಳೆಯ ಸ್ವರ ಅದನ್ನು ತುಂಬಿಬಿಟ್ಟಿರುತ್ತದೆ. ಆರ್ಗನ್ ನಿಂತಿತು ಎಂದು ಹಿಂದಿನ ಬೆಂಚಿಗೆ ಗೊತ್ತಾಗುವ ಹೊತ್ತಿಗೆ ಹೊಸ ಚರಣ ಶುರುವಾಗಿರುತ್ತದೆ. ಆ ಕ್ಷಣದಲ್ಲಿ ಹಿರಿಯರ ಬಾಯಿ ತೆರೆದೇ ಇತ್ತು, ಉಸಿರು ಅರ್ಧ ಒಳಗೆ ಹೋಗಿತ್ತು. ಮೊದಲ ಪದ ತಪ್ಪಿಹೋಯಿತು. ಅವರು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಎರಡನೇ ಸಾಲಿಗಾಗಿ ನಿಂತರು. ಆ ಬೆಂಚಿನ ಎಲ್ಲರೂ ಹಾಗೇ ನಿಂತಿದ್ದರು.

ಸ್ವರಗಳ ನಡುವೆ ಕಾಯಬಾರದು ಎಂಬ ಪಾಠವನ್ನು ಹುಡುಗ ಉಸಿರಿಗೂ ಹಚ್ಚಿಬಿಟ್ಟಿದ್ದ. ಅವನು ಒಂದು ಕಾಯುವುದರ ಬಗ್ಗೆ ಉತ್ತರ ಕೊಟ್ಟ, ಹಿರಿಯರು ಕೇಳಿದ್ದು ಇನ್ನೊಂದರ ಬಗ್ಗೆ. ಆರ್ಗನ್‌ಗೆ ಉಸಿರು ತೆಗೆದುಕೊಳ್ಳುವ ಗರಜಿಲ್ಲ, ಗಾಳಿ ಊದುವ ಯಂತ್ರವಾದ ಬ್ಲೋವರ್ ತಿರುಗುತ್ತಿರುವವರೆಗೂ ಗಾಳಿ. ನುಡಿಸುವವನು ತಾನೂ ಹಾಡಿಕೊಳ್ಳದಿದ್ದರೆ ಇದು ಮರೆತುಹೋಗುತ್ತದೆ. ಹಳಬರು ತುಟಿ ಆಡಿಸುತ್ತಾ ನುಡಿಸುವುದು ಸುಮ್ಮನೆ ಅಲ್ಲ. ಅಲ್ಪವಿರಾಮ ಇಲ್ಲದ ಕಡೆ ಸಾಲು ಮುರಿಯದೆ ದಾಟಿಸುವುದೂ, ಪೂರ್ಣವಿರಾಮದಲ್ಲಿ ಬೆರಳು ಎತ್ತುವುದೂ ಹಾಡುವ ಬಾಯಿಗೆ ತಾನಾಗಿ ಗೊತ್ತಾಗುತ್ತದೆ.

ಬುಧವಾರ ಸಂಜೆ ಕನ್ಸೋಲಿನ ಮೇಲೆ ಮುಂದಿನ ಭಾನುವಾರದ ಪಟ್ಟಿ ಬಿದ್ದಿತ್ತು. ನಾಲ್ಕು ಗೀತೆ. ಮೂರು ಗೀತೆಗಳ ಪಕ್ಕ ಹುಡುಗ ಪೆನ್ಸಿಲಿನಲ್ಲಿ '+4', ಅಂದರೆ ಚರಣಗಳ ನಡುವೆ ನಾಲ್ಕು ಬೀಟ್ ಬಿಡುವು, ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ನಾಲ್ಕನೆಯದರ ಕೊನೆಯ ಚರಣಕ್ಕೆ ತನ್ನ ಹೊಸ ಸ್ವರಮೇಳವನ್ನೇ ಇಟ್ಟುಕೊಂಡಿದ್ದ, ಬಿಡುವ ಪೈಕಿ ಅಲ್ಲ. ಆದರೆ ಅಚ್ಚಿಗೆ ಹೋಗುವ ಕರಡಿನಲ್ಲಿ ಆ ಚರಣದ ಮೇಲೆ ಕೈಯಲ್ಲಿ ಸೇರಿಸಿದ ಒಂದು ಸಾಲಿತ್ತು: ಎಲ್ಲರೂ ಧಾಟಿಯಲ್ಲಿ.