ಹೋಂ ಥಿಯೇಟರ್ ಕೆಲಸ: ಪ್ಲಾಸ್ಮಾನೋ ಎಲ್‌ಸಿಡಿಯೋ, ಆಯ್ಕೆ ಎಲ್ಲಿಗೆ ಬಂತು

ಕೋಣೆ 12×10 ಅಡಿ. ಗೋಡೆಗೆ ಗಾಢ ಬೂದು ಮ್ಯಾಟ್ ಪೇಂಟ್ ಮುಗಿದಿದೆ, ಕಿಟಕಿಗೆ ಬ್ಲ್ಯಾಕ್‌ಔಟ್ ಕರ್ಟನ್ ಬಂದಿದೆ, ಸೋಫಾ ಸ್ಕ್ರೀನಿನಿಂದ 7 ಅಡಿ ದೂರದಲ್ಲಿದೆ. 50 ಇಂಚಿನ ಸೆಟ್‌ನ ಚಿತ್ರದ ಅಗಲ ಸುಮಾರು 110 ಸೆಂ.ಮೀ. ಈ ದೂರದಿಂದ ಅದು ಕಣ್ಣಿಗೆ ಹತ್ತಿರ ಹತ್ತಿರ 30 ಡಿಗ್ರಿ ತುಂಬುತ್ತದೆ, ಸಿನಿಮಾಕ್ಕೆ ಸಾಕು. ಇಲ್ಲಿ ಕೂತರೆ 1080ಪಿ ಚಿತ್ರದ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಹಾಗಾಗಿ 4ಕೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಪ್ಲಾಸ್ಮಾವನ್ನು ಕೈಬಿಡಬೇಕಿಲ್ಲ.

ಕಣದಲ್ಲಿರುವವು ಎರಡು: 2013ರ ಪ್ಯಾನಸಾನಿಕ್ 50 ಇಂಚಿನ ಸೆಕೆಂಡ್ ಹ್ಯಾಂಡ್ ಪ್ಲಾಸ್ಮಾ, ಮತ್ತು ಅದೇ ಅಳತೆಯ ಹೊಸ ಎಲ್‌ಸಿಡಿ, ವಿಎ ಪ್ಯಾನಲ್‌ನದು (ವಿಎ, ಐಪಿಎಸ್ ಎರಡೂ ಎಲ್‌ಸಿಡಿ ಪ್ಯಾನಲ್‌ನ ಬಗೆಗಳು). ಪ್ಲಾಸ್ಮಾ ಈಗ ಹೊಸದಾಗಿ ಸಿಗುವುದಿಲ್ಲ. ಪ್ಯಾನಸಾನಿಕ್ 2013ರ ಕೊನೆಗೆ ತಯಾರಿಕೆ ನಿಲ್ಲಿಸಿತು, ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ. ಕೊಂಡರೆ ಬಳಸಿದ್ದನ್ನೇ ಕೊಳ್ಳಬೇಕು, ಪರೀಕ್ಷೆ ಮಾಡಿಯೇ ಕೊಳ್ಳಬೇಕು.

ಕತ್ತಲಲ್ಲಿ ಯಾವುದು ಗೆಲ್ಲುತ್ತದೆ

ಪ್ಲಾಸ್ಮಾದಲ್ಲಿ ಪ್ರತಿ ಕೋಶವೂ ತಾನೇ ಬೆಳಗುತ್ತದೆ. ಕಪ್ಪು ಬೇಕಾದ ಕಡೆ ಕೋಶ ಬಹುತೇಕ ಆರಿರುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನ ಬ್ಯಾಕ್‌ಲೈಟ್ ಉರಿಯುತ್ತಲೇ ಇರುತ್ತದೆ, ದ್ರವ ಹರಳು ಅದನ್ನು ತಡೆಯಬೇಕು, ತಡೆ ಪೂರ್ತಿಯಾಗುವುದಿಲ್ಲ. ಐಪಿಎಸ್ ಪ್ಯಾನಲ್‌ನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) 1000:1ರ ಆಸುಪಾಸು, ವಿಎ ಆದರೆ 3000:1 ದಾಟುತ್ತದೆ. ಕತ್ತಲೆ ಕೋಣೆಗೆ ಐಪಿಎಸ್ ಎಲ್‌ಸಿಡಿ ತರಲೇಬೇಡಿ. ರಾತ್ರಿ ದೃಶ್ಯವೆಲ್ಲ ಬೂದು ಬೂದಾಗಿ ಕಾಣುತ್ತದೆ. ವಿಎ ನೇರ ಎದುರು ಕೂತವರಿಗೆ ಚೆನ್ನಾಗಿದೆ, ಸೋಫಾದ ಅಂಚಿಗೆ ಸರಿದರೆ ಕಪ್ಪು ತೆಳುವಾಗುತ್ತದೆ. ಫುಲ್ ಅರೇ ಲೋಕಲ್ ಡಿಮ್ಮಿಂಗ್ (ಬ್ಯಾಕ್‌ಲೈಟನ್ನು ಝೋನ್‌ಗಳಾಗಿ ಭಾಗಿಸಿ ಬೇಕಾದ ಕಡೆ ಮಾತ್ರ ತಗ್ಗಿಸುವುದು) ಇದ್ದರೆ ಲೆಕ್ಕ ಬದಲಾಗುತ್ತದೆ, ಆದರೆ ಝೋನ್ ಕಡಿಮೆ ಇರುವ ಸೆಟ್‌ನಲ್ಲಿ ಕಪ್ಪು ಹಿನ್ನೆಲೆಯ ಬಿಳಿ ಸಬ್‌ಟೈಟಲ್ ಸುತ್ತ ಹೊಗೆಯಂಥ ಬೆಳಕು ಏಳುತ್ತದೆ.

ಚಲನೆಯ ವಿಷಯಕ್ಕೂ ಪ್ಲಾಸ್ಮಾ ಮುಂದು. ಎಲ್‌ಸಿಡಿ ಒಂದು ಫ್ರೇಮನ್ನು ಮುಂದಿನ ಫ್ರೇಮ್ ಬರುವವರೆಗೂ ಹಿಡಿದಿಡುವುದರಿಂದ, ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸಿದಾಗ ಅಂಚು ಕದಡುತ್ತದೆ. ನಡುವೆ ಹೊಸ ಫ್ರೇಮ್ ಸೇರಿಸುವ ಮೋಷನ್ ಸ್ಮೂದಿಂಗ್ ಹಾಕಿದರೆ ಅದು ತಗ್ಗುತ್ತದೆ, ಜೊತೆಗೇ ಸಿನಿಮಾ ಧಾರಾವಾಹಿಯಂತೆ ಕಾಣತೊಡಗುತ್ತದೆ.

ಹಗಲಿನಲ್ಲಿ ಮಾತು ತಿರುವುಮುರುವು. ಪ್ಲಾಸ್ಮಾದ ತುಂಬ ಬಿಳಿ ಬಂದರೆ ವಿದ್ಯುತ್ ಮಿತಿ ದಾಟದಂತೆ ಸೆಟ್ ತಾನೇ ಬೆಳಕು ತಗ್ಗಿಸುತ್ತದೆ. ಬಿಸಿಲು ಬೀಳುವ ಹಾಲ್‌ನಲ್ಲಿ ಕ್ರಿಕೆಟ್ ನೋಡುವ ಮನೆಗೆ, ದಿನವಿಡೀ ನ್ಯೂಸ್ ಚಾನೆಲ್ ಓಡುವ ಮನೆಗೆ ಎಲ್‌ಸಿಡಿಯೇ ಸರಿ. ಕೆಳಗಿನ ಸ್ಕ್ರೋಲ್ ಪಟ್ಟಿ, ಮೂಲೆಯ ಲೋಗೋ ಪ್ಲಾಸ್ಮಾದ ಶತ್ರುಗಳು, ಒಂದೇ ಕಡೆ ನಿಂತ ಚಿತ್ರ ಸ್ಕ್ರೀನಿನಲ್ಲಿ ನೆರಳಾಗಿ ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಪ್ಲಾಸ್ಮಾ ಪರೀಕ್ಷೆ

ಪೆನ್‌ಡ್ರೈವ್‌ನಲ್ಲಿ ಪೂರ್ತಿ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಮತ್ತು ಶೇ. 5ರ ಬೂದು ಚಿತ್ರಗಳನ್ನು ಒಯ್ಯಿರಿ. ಸೆಟ್ ಅರ್ಧ ಗಂಟೆ ಓಡಿದ ಮೇಲೆ ಒಂದೊಂದನ್ನೂ ತುಂಬು ಸ್ಕ್ರೀನಿನಲ್ಲಿ ನೋಡಿ. ಬಲ ಮೇಲ್ಮೂಲೆ, ಎಡ ಮೇಲ್ಮೂಲೆ, ಕೆಳಗಿನ ಅಂಚು ಮುಖ್ಯ. ಚಾನೆಲ್ ಹೆಸರಿನ ನೆರಳು ಕಂಡರೆ ತಕ್ಷಣ ತಿರಸ್ಕರಿಸಬೇಡಿ. ಒಂದೆರಡು ಗಂಟೆ ಇಡೀ ಸ್ಕ್ರೀನ್ ತುಂಬುವ ಓಡುವ ಚಿತ್ರ ಹಾಕಿ. ಮಾಸಿದರೆ ಅದು ತಾತ್ಕಾಲಿಕ ಛಾಯೆ. ಹಾಗೇ ಉಳಿದರೆ ಕೋಶದೊಳಗೆ ಬಣ್ಣದ ಬೆಳಕು ಕೊಡುವ ಫಾಸ್ಫರ್ ಲೇಪವೇ ಸವೆದಿದೆ ಎಂದರ್ಥ, ಅದಕ್ಕೆ ರಿಪೇರಿ ಇಲ್ಲ.

ಮೇಲಿಂದ ಕೆಳಕ್ಕೆ ಗೆರೆ ಇದ್ದರೆ ಬಿಟ್ಟುಬಿಡಿ. ತೊಂದರೆ ಹೆಚ್ಚಾಗಿ ಗಾಜಿಗೆ ಅಂಟಿದ ರಿಬ್ಬನ್ ಕೇಬಲ್‌ನಲ್ಲಿರುತ್ತದೆ. ಅಡ್ಡ ಗೆರೆಗಳ ಗುಂಪು ಅಥವಾ ಅರ್ಧ ಸ್ಕ್ರೀನ್ ಕತ್ತಲಾಗಿದ್ದರೆ ಅನೇಕ ಸಲ ಅದು ಸ್ಕ್ರೀನಿನ ಸಾಲುಗಳನ್ನು ನಡೆಸುವ ಬಫರ್ ಬೋರ್ಡ್, ಬದಲಿಸಬಹುದು. ಕತ್ತಲ ದೃಶ್ಯದಲ್ಲಿ ಬಣ್ಣದ ಚುಕ್ಕೆಗಳು ಮಿನುಗಿದರೆ ಕೋಶಗಳು ಸರಿಯಾಗಿ ಹೊತ್ತಿ ಆರುತ್ತಿಲ್ಲ. ಅನೇಕ ಪ್ಲಾಸ್ಮಾಗಳಲ್ಲಿ ಪ್ಯಾನಲ್ ಹಿಂಬದಿಯ ಚೀಟಿಯಲ್ಲಿ ವಿಎಸ್, ವಿಎ ಎಂದು ವೋಲ್ಟೇಜ್ ಬರೆದಿರುತ್ತದೆ (ಈ ವಿಎ ಎಲ್‌ಸಿಡಿಯ ವಿಎ ಅಲ್ಲ). ಮಲ್ಟಿಮೀಟರ್ ಓದಿದ್ದು ಅದಕ್ಕೆ ತಾಳೆಯಾಗಬೇಕು. ವಿಎಸ್ 200 ವೋಲ್ಟ್ ಆಸುಪಾಸಿನ ಡಿಸಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಮೀಟರ್‌ನಲ್ಲಿ ಇಳಿದದ್ದು ಕಾಣದೆ ಬೋರ್ಡ್ ಮುಟ್ಟಬೇಡಿ, ಅನುಭವ ಇಲ್ಲದಿದ್ದರೆ ಹಿಂಬದಿ ಬಿಚ್ಚಲೇಬೇಡಿ.

ನಮ್ಮ ಸೆಟ್‌ನಲ್ಲಿ ಬಿಳಿ ಹಾಕಿದಾಗ ಬಲ ಮೇಲ್ಮೂಲೆಯಲ್ಲಿ ಮಸುಕು ಹಳದಿ ಚೌಕ ಕಂಡಿತ್ತು. ಓಡುವ ಚಿತ್ರ ಹಾಕಿದ ಮೇಲೆ ಬಿಳಿಯಲ್ಲೂ ನೀಲಿಯಲ್ಲೂ ಕಾಣಲಿಲ್ಲ. ಗೆರೆಗಳಿಲ್ಲ, ಮಿನುಗಿಲ್ಲ, 3 ಅಡಿ ದೂರಕ್ಕೆ ಗುಂಯ್ ಸದ್ದೂ ಕೇಳುವುದಿಲ್ಲ. ಈ ಕೋಣೆಗೆ ಪ್ಲಾಸ್ಮಾ ಎಂದು ತೀರ್ಮಾನವಾಯಿತು, ಎಲ್‌ಸಿಡಿ ಹಾಲ್‌ಗೆ.

ಸಾಗಿಸುವಾಗ ನೇರ ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ರಸ್ತೆಯ ಕುಲುಕಾಟಕ್ಕೆ ಗಾಜು ಬಿರಿಯುವ ಅಪಾಯವಿದೆ. ಇಬ್ಬರು ಬೇಕು, ಹಿಡಿತ ಚೌಕಟ್ಟಿನ ಕೆಳಭಾಗದಲ್ಲಿ.

ಕರೆಂಟು, ಕಾವು

ಪ್ಲಾಸ್ಮಾಗೆ ಸರಾಸರಿ 250 ವಾಟ್ ಹಿಡಿದರೂ ದಿನಕ್ಕೆ 4 ಗಂಟೆಗೆ 1 ಯೂನಿಟ್, ತಿಂಗಳಿಗೆ 30. ಹೊಸ ಎಲ್‌ಸಿಡಿ 100 ವಾಟ್ ತಿಂದರೆ 12 ಯೂನಿಟ್. ವ್ಯತ್ಯಾಸ ಇದೆ, ಆದರೆ ರಾತ್ರಿ ಒಂದು ಸಿನಿಮಾ ನೋಡುವವರಿಗೆ ಅದು ತೀರ್ಮಾನ ಬದಲಿಸುವಷ್ಟಲ್ಲ. ಇನ್ವರ್ಟರ್ ಲೈನಿಗೆ ಕೊಡುವುದು ಬೇಡ. ಚಿಕ್ಕ ಇನ್ವರ್ಟರ್‌ಗೆ ಇದು ಭಾರ. ಮೇಲೆ, ಪಕ್ಕದಲ್ಲಿ ಕನಿಷ್ಠ 10 ಸೆಂ.ಮೀ. ಖಾಲಿ ಬಿಟ್ಟಿದ್ದೇವೆ. ಮುಚ್ಚಿದ ಶೋಕೇಸ್ ಒಳಗೆ ಇಡುವಂತಿಲ್ಲ.

ಜೋಡಣೆ

ಸ್ಟ್ರೀಮಿಂಗ್ ಸ್ಟಿಕ್ ಅನ್ನು 1080ಪಿಗೆ ಇಟ್ಟು, ಎಚ್‌ಡಿಆರ್ ಆಫ್ ಮಾಡಿ, ಮ್ಯಾಚ್ ಫ್ರೇಮ್ ರೇಟ್ ಆನ್ ಮಾಡಿದ್ದೇವೆ. ಆಗ ಮ್ಯಾಚಿಂಗ್ ಒಪ್ಪುವ ಆ್ಯಪ್‌ಗಳಲ್ಲಿ ಸಿನಿಮಾ 24 ಫ್ರೇಮ್‌ನಲ್ಲೇ ಹೋಗುತ್ತದೆ. ಟಿವಿಯಲ್ಲಿ ಓವರ್‌ಸ್ಕ್ಯಾನ್ ಆಫ್, ಇಲ್ಲದಿದ್ದರೆ ಅಂಚು ಕತ್ತರಿಸಿ ಚಿತ್ರ ಹಿಗ್ಗುತ್ತದೆ. ನೆರಳಿನ ವಿವರ ಕಪ್ಪಲ್ಲಿ ಮುಳುಗಿದರೆ ಅಥವಾ ಕಪ್ಪೇ ಬೂದಾಗಿದ್ದರೆ ಬ್ರೈಟ್‌ನೆಸ್ ತಿರುವುವ ಮೊದಲು ಎಚ್‌ಡಿಎಂಐ ಆರ್‌ಜಿಬಿ ರೇಂಜ್ (ಕಪ್ಪು, ಬಿಳಿ ಯಾವ ಅಂಕಿಯಿಂದ ಯಾವ ಅಂಕಿಗೆ ಎಂಬ ಸೆಟ್ಟಿಂಗ್) ಸ್ಟಿಕ್, ಟಿವಿ ಎರಡೂ ಕಡೆ ಒಂದೇ ಇದೆಯೇ ನೋಡಿ. ನೆರಳು ಉಳಿಯದಂತೆ ಚಿತ್ರವನ್ನು ಆಗಾಗ ಚೂರು ಸರಿಸುವ ಪಿಕ್ಸೆಲ್ ಆರ್ಬಿಟರ್ ಆನ್. ಸಿನಿಮಾ ಪಾಜ್ ಮಾಡಿ ಊಟಕ್ಕೆ ಎದ್ದು ಹೋಗುವುದು ಈ ಕೋಣೆಯಲ್ಲಿ ನಿಷಿದ್ಧ.

ಬಾಕಿ ಇರುವುದು ಗ್ರೇಸ್ಕೇಲ್ (ಕಪ್ಪಿನಿಂದ ಬಿಳಿಯವರೆಗಿನ ಬೂದು ಛಾಯೆಗಳು) ಸರಿಪಡಿಸುವುದು, ಮತ್ತು ಬಿಡಿ ಬೋರ್ಡ್ ಹುಡುಕುವುದು. ಎಸ್‌ಸಿ (ಸ್ಕ್ಯಾನ್) ಬೋರ್ಡ್ ಒಂದು ಕೈಯಲ್ಲಿದ್ದರೆ ಒಳ್ಳೆಯದು. ಕೊಳ್ಳುವಾಗ ಮಾಡೆಲ್ ಹೆಸರು ನೋಡಿದರೆ ಸಾಲದು, ಬೋರ್ಡ್ ಮೇಲೆ ಅಚ್ಚಾದ ಪಾರ್ಟ್ ನಂಬರ್ ಕೊನೆಯ ಅಕ್ಷರಗಳವರೆಗೂ ತಾಳೆಯಾಗಬೇಕು.